ಹೊರದೇಶದ ಹುಳು ಇಲ್ಲಿ ನೆಲೆ ನಿಂತೀತೇ? ಲೆಕ್ಕ ಹಾಕುವುದು ಹೀಗೆ

ಒಂದು ಬೆಳೆ ಕೀಟ ಹೊಸ ದೇಶಕ್ಕೆ ಬಂದು ಬದುಕೀತೇ, ಬದುಕಿದರೆ ಎಷ್ಟು ಹಾಳು ಮಾಡೀತು ಎಂದು ಮೊದಲೇ ಅಳೆಯುವುದಕ್ಕೆ ಕೀಟ ಅಪಾಯ ವಿಶ್ಲೇಷಣೆ ಎನ್ನುತ್ತಾರೆ. ಅಂತರರಾಷ್ಟ್ರೀಯ ಸಸ್ಯ ಸಂರಕ್ಷಣಾ ಒಪ್ಪಂದದ 11ನೇ ಮಾನದಂಡ ಇದಕ್ಕೆಂದೇ ಇದೆ. ಅದನ್ನು ಅರೆದು ಕುಡಿದವರೂ ಒಂದೇ ಜಾಗದಲ್ಲಿ ಎಡವುವುದನ್ನು ನೋಡಿದ್ದೇನೆ. ಹವಾಮಾನದ ನಕ್ಷೆ ತೆಗೆಯುತ್ತಾರೆ, ಕೆಂಪು ಕಂಡರೆ ‘ಅಪಾಯ ಜಾಸ್ತಿ’, ಹಸಿರು ಕಂಡರೆ ‘ಭಯವಿಲ್ಲ’ ಎಂದು ಬರೆದು ಮುಗಿಸುತ್ತಾರೆ.

ಮೊದಲ ಹೆಜ್ಜೆ ಸುಲಭ: ಯಾವ ಕೀಟ, ಯಾವ ಪ್ರದೇಶ ಎಂದು ಗಟ್ಟಿ ಮಾಡಿಕೊಳ್ಳಿ. ಹಳೆಯ ಹೆಸರಿನಲ್ಲೂ ಹುಡುಕಿ. ಟೊಮೆಟೊ ತಿನ್ನುವ ಟೂಟಾ ಅಬ್ಸೊಲ್ಯೂಟಾ ಈಗ ಥೋರಿಮಿಯಾ ಅಬ್ಸೊಲ್ಯೂಟಾ ಆಗಿದೆ. ಹೊಸ ಹೆಸರೊಂದನ್ನೇ ಹಿಡಿದು ಹೊರಟರೆ ಹಳೆಯ ದಾಖಲೆಗಳೆಲ್ಲ ಕೈತಪ್ಪುತ್ತವೆ.

ಎರಡನೆಯದು ದಾರಿ. ಹುಳು ತಾನು ತಿನ್ನುವ ಬೆಳೆಯ ಜೊತೆಯೇ ಬರಬೇಕೆಂದಿಲ್ಲ. ಕಂದು ಬಣ್ಣದ ಮಾರ್ಮೊರೇಟೆಡ್ ತಿಗಣೆ ಚಳಿಗಾಲ ಕಳೆಯಲು ಸಂದುಗೊಂದು ಹುಡುಕುತ್ತದೆ. ಹಾಗೆ ಕಾರು, ಯಂತ್ರಗಳೊಳಗೆ ಸೇರಿಕೊಂಡು ಸಮುದ್ರ ದಾಟುತ್ತದೆ. 2018ರಲ್ಲಿ ನ್ಯೂಜಿಲೆಂಡ್ ಈ ತಿಗಣೆಯ ಕಾರಣಕ್ಕೆ ಕಾರು ಹೊತ್ತ ಹಡಗುಗಳನ್ನೇ ವಾಪಸ್ ಕಳಿಸಿತ್ತು. ಹಣ್ಣು ತರಕಾರಿಯ ಆಮದು ಪಟ್ಟಿಯೊಂದನ್ನೇ ನೋಡುತ್ತಾ ಕೂತಿದ್ದರೆ ಇದು ಸಿಕ್ಕುವುದಿಲ್ಲ.

ಈಗ ಮೂರನೆಯದು, ನೆಲೆ ನಿಲ್ಲುವ ಸಾಧ್ಯತೆ. ಇಲ್ಲಿ ನಿಧಾನಿಸಿ.

ಕೀಟ ಕಂಡ ಜಾಗಗಳನ್ನೆಲ್ಲ ನಕ್ಷೆಯ ಮೇಲೆ ಚುಕ್ಕಿ ಇಟ್ಟು, ಹವಾಮಾನದ ನಕ್ಷೆ ತೆಗೆಯುವ ಸಾಫ್ಟ್‌ವೇರ್‌ಗೆ ಹಾಗೇ ಕೊಡಬೇಡಿ. ಮೆಕ್ಕೆಜೋಳ ತಿನ್ನುವ ಫಾಲ್ ಸೈನಿಕ ಹುಳುವಿನ ಪತಂಗ ಬೇಸಿಗೆಯಲ್ಲಿ ಕೆನಡಾದವರೆಗೂ ಹಾರುತ್ತದೆ. ಆದರೆ ಅಲ್ಲಿನ ಚಳಿಯಲ್ಲಿ ಉಳಿಯುವುದಿಲ್ಲ. ಚಳಿಗಾಲ ಕಳೆಯುವುದು ಫ್ಲಾರಿಡಾ, ಟೆಕ್ಸಸ್‌ಗಳ ದಕ್ಷಿಣ ಭಾಗದಂಥ ಬೆಚ್ಚಗಿನ ಕಡೆ. ಕೆನಡಾದ ಚುಕ್ಕಿ ಸೇರಿಸಿದಿರೋ, ಕೊರೆಯುವ ಚಳಿಯೂ ಈ ಹುಳುವಿಗೆ ಒಗ್ಗುತ್ತದೆ ಎಂದು ಸಾಫ್ಟ್‌ವೇರ್ ನಂಬಿಬಿಡುತ್ತದೆ. ಅದಕ್ಕೇ ಪ್ರತಿ ಚುಕ್ಕಿಯ ಮುಂದೆ ‘ವರ್ಷಪೂರ್ತಿ ವಾಸ’ ಅಥವಾ ‘ಬಂದು ಹೋಗುವುದು’ ಎಂದು ಗುರುತು ಹಾಕಿ. ಬೇಜಾರಿನ ಕೆಲಸ ನಿಜ. ಬಿಡಬೇಡಿ.

ಗಾಜುಮನೆಯ ದಾಖಲೆಗಳನ್ನೂ ಬೇರೆ ಇಡಿ. ಟೂಟಾ ಉತ್ತರ ಯುರೋಪಿನ ಗಾಜುಮನೆಗಳೊಳಗೆ ಚೆನ್ನಾಗಿ ಬದುಕುತ್ತದೆ. ಹೊರಗಿನ ಹಿಮಕ್ಕೂ ಅದಕ್ಕೂ ಸಂಬಂಧವಿಲ್ಲ. ನೀರಾವರಿಯದೂ ಇದೇ ಕಥೆ. ಮಳೆಯ ನಕ್ಷೆಯಲ್ಲಿ ಮರುಭೂಮಿ ಎಂದು ಕಂಡ ಕಡೆ ಕಾಲುವೆ ನೀರಿನಲ್ಲಿ ಹಸಿರು ಹೊಲ ಇರಬಹುದು.

ಆಮೇಲೆ ಉಷ್ಣತೆಯ ಲೆಕ್ಕ. ಸೈನಿಕ ಹುಳು ಸುಮಾರು 12 ಡಿಗ್ರಿಗಿಂತ ಕೆಳಗೆ ಬೆಳೆಯುವುದಿಲ್ಲ. ಅದರ ಮೇಲಿನ ಡಿಗ್ರಿಗಳನ್ನು ದಿನದಿನವೂ ಕೂಡಿಸುತ್ತಾ ಹೋದರೆ, ಮೊಟ್ಟೆಯಿಂದ ಪತಂಗವಾಗಲು ಸುಮಾರು 390 ಬೇಕು. ದಿನವೂ 22 ಡಿಗ್ರಿ ಇದ್ದರೆ ದಿನಕ್ಕೆ 10ರಂತೆ 39 ದಿನ. ಇಲ್ಲಿ ತಿಂಗಳ ಸರಾಸರಿಯನ್ನು ನೆಚ್ಚಬೇಡಿ. 15 ದಿನ 18 ಡಿಗ್ರಿ, 15 ದಿನ 6 ಡಿಗ್ರಿ ಇದ್ದ ತಿಂಗಳ ಸರಾಸರಿ 12. ಅಂದರೆ ಬೆಳವಣಿಗೆ ಸೊನ್ನೆ ಅಂತಾಯಿತು, ಅಲ್ವಾ? ದಿನವಾರು ಕೂಡಿಸಿ ನೋಡಿ: 15 ದಿನಕ್ಕೆ 6ರಂತೆ 90. ಹೆಚ್ಚುಕಡಿಮೆ ಕಾಲುಭಾಗ ಬೆಳವಣಿಗೆ ಸುಮ್ನೆ ಮಾಯವಾಗಿತ್ತು. ದಿನದ ಅಂಕಿ ಸಿಗುವಾಗ ತಿಂಗಳ ಸರಾಸರಿ ಬಳಸುವುದನ್ನು ನಾನಂತೂ ಒಪ್ಪುವುದಿಲ್ಲ. ಬಣ್ಣ ತುಂಬಿದ ರೆಡಿಮೇಡ್ ನಕ್ಷೆಗಳನ್ನಂತೂ ಮುಟ್ಟಲೇಬೇಡಿ. ಒಳಗೆ ಯಾವ ಚುಕ್ಕಿ, ಯಾವ ಸರಾಸರಿ ಹಾಕಿದ್ದಾರೋ ಎಷ್ಟೋ ಸಲ ತಿಳಿಯುವುದೇ ಇಲ್ಲ.

ನಾಲ್ಕನೆಯದು ಹಾನಿ. ‘ತವರಿನಲ್ಲೇ ತೊಂದರೆ ಕೊಡದ ಹುಳು ಇಲ್ಲೇನು ಮಾಡೀತು’ ಎನ್ನುವವರಿಗೆ ಮರಗೆಣಸಿನ ಹಿಟ್ಟು ತಿಗಣೆಯ ಉದಾಹರಣೆ ಕೊಡಿ. ದಕ್ಷಿಣ ಅಮೆರಿಕದಲ್ಲಿ ಅದನ್ನು ಹುಡುಕಿ ಹಿಡಿಯುವುದೇ ಕಷ್ಟವಾಗಿತ್ತು. 1970ರ ದಶಕದಲ್ಲಿ ಆಫ್ರಿಕಾ ತಲುಪಿದಾಗ ಅದರ ಶತ್ರುಗಳು ಜೊತೆಗೆ ಬರಲಿಲ್ಲ, ಬೆಳೆ ನೆಲಕಚ್ಚಿತು. ಕೊನೆಗೆ ತವರಿನಿಂದಲೇ ಹಿಟ್ಟು ತಿಗಣೆಯೊಳಗೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಒಂದು ಪುಟ್ಟ ಪರತಂತ್ರ ಕಣಜವನ್ನು ತಂದು ಬಿಡಬೇಕಾಯಿತು.

ಈ ಒಂದೊಂದು ಹೆಜ್ಜೆಗೂ ಸೊನ್ನೆಯಿಂದ ಐದರವರೆಗೆ ಅಂಕ ಕೊಡುವಾಗ ಕೂಡಿ ಭಾಗಿಸಬೇಡಿ. ಒಳಬರುವ ಸಾಧ್ಯತೆಗೆ 0, ನೆಲೆಗೆ 5, ಹಾನಿಗೆ 5 ಎಂದುಕೊಳ್ಳಿ. ಸರಾಸರಿ ಮೂರಕ್ಕಿಂತ ಮೇಲೆ ಬರುತ್ತದೆ! ಬರಲಾಗದ ಹುಳುವಿಗೆ ನೆಲೆ ಎಲ್ಲಿಂದ? ಇದು ಸರಪಳಿ. ಒಂದು ಕೊಂಡಿ ಕಳಚಿದರೆ ಉಳಿದದ್ದು ಲೆಕ್ಕಕ್ಕಿಲ್ಲ. ಅಂಕದ ಪಕ್ಕದಲ್ಲೇ ಅದನ್ನು ಎಷ್ಟು ನೆಚ್ಚಬಹುದು ಎಂದೂ ಬರೆಯಿರಿ.

ಕೊನೆಗೆ ತಡೆಯುವ ಕ್ರಮ. ‘ಬಂದರಿನಲ್ಲಿ ತಪಾಸಣೆ’ ಎಂದು ಒಂದು ಸಾಲು ಗೀಚಿದರೆ ಸಾಲದು, ಎಷ್ಟು ಹಣ್ಣು ಕತ್ತರಿಸಿ ನೋಡಬೇಕು ಎಂದು ಬರೆಯಿರಿ. ನೂರಕ್ಕೊಂದು ಹಣ್ಣಿನಲ್ಲಿ ಹುಳು ಇದ್ದರೆ, ಹತ್ತು ಹಣ್ಣು ಕತ್ತರಿಸಿದಾಗ ಅದು ಸಿಗುವ ಸಾಧ್ಯತೆ ಸುಮಾರು ಶೇ 10 ಮಾತ್ರ. ಶೇ 95 ಬೇಕೆಂದರೆ ಸುಮಾರು 300 ಹಣ್ಣು ಕತ್ತರಿಸಬೇಕು. ಅಷ್ಟು ಜನ, ಅಷ್ಟು ಹೊತ್ತು ಬಂದರಿನಲ್ಲಿ ಇಲ್ಲದಿದ್ದರೆ ತಪಾಸಣೆಯ ಮಾತು ಬಿಟ್ಟು, ಹಣ್ಣು ಹಡಗು ಹತ್ತುವ ಮುಂಚೆಯೇ ಹುಳು ಸಾಯುವಂಥ ಶೀತ ಅಥವಾ ಬಿಸಿ ಉಪಚಾರವನ್ನು ಕೇಳಿ.