ಎಳೆಯಬೇಡಿ, ಎತ್ತಿ: ಹಾಸಿಗೆ ಹುಣ್ಣು ತಡೆಯುವುದು ಹೀಗೆ

ತೀರ್ಥಹಳ್ಳಿ, ಹೊಸನಗರ ಕಡೆಯಿಂದ ಶಿವಮೊಗ್ಗದ ಆಸ್ಪತ್ರೆಗೆ ಬಂದವರ ಜೊತೆ ರಾತ್ರಿ ಹಗಲು ನಿಲ್ಲುವವರು ಮನೆಯವರೇ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಅಂತ ಸಿಸ್ಟರ್ ಹೇಳಿರುತ್ತಾರೆ, ಇವರೂ ತಪ್ಪದೆ ಬದಲಿಸುತ್ತಾರೆ. ಆದರೂ ಬೆನ್ನಡಿ ಹುಣ್ಣಾಗುತ್ತದೆ. ಯಾಕೆ ಅಂದರೆ, ಕಂಕುಳಿಗೆ ಕೈ ಹಾಕಿ ದರದರ ಎಳೆಯುತ್ತಾರೆ. ಹಾಗೆ ಎಳೆದಾಗ ಚರ್ಮ ಹಾಸಿಗೆಗೆ ಕಚ್ಚಿಕೊಂಡೇ ಇರುತ್ತದೆ, ಒಳಗಿನ ಮೂಳೆ ಮಾತ್ರ ಸರಿಯುತ್ತದೆ, ನಡುವಿನ ಸಣ್ಣ ರಕ್ತನಾಳಗಳು ಹಿಂಡಿಹೋಗುತ್ತವೆ.

ಅಡಿಕೆ ಮರದಿಂದ ಬಿದ್ದು ಬೆನ್ನುಮೂಳೆಗೆ ಪೆಟ್ಟಾದವರು, ಸೊಂಟದ ಆಪರೇಷನ್ ಆದವರು ಇದ್ದರೆ ನೀವೇ ಹೊರಳಿಸಲು ಹೋಗಬೇಡಿ, ಸಿಸ್ಟರನ್ನು ಕರೆಯಿರಿ.

ಉಳಿದವರಿಗೆ: ಹಳೇ ಮೆತ್ತನೆ ಪಂಚೆಯೊಂದನ್ನು ಮಡಿಸಿ ಭುಜದಿಂದ ತೊಡೆವರೆಗೆ ಬರುವಂತೆ ಅಡಿಗೆ ಹಾಸಿ. ಆಚೆಗೊಬ್ಬರು, ಈಚೆಗೊಬ್ಬರು ನಿಂತು ಪಂಚೆಯ ಅಂಚನ್ನು ಮೈಗೆ ತಾಗುವಷ್ಟು ಸುತ್ತಿ ಹಿಡಿಯಿರಿ. ಇಬ್ಬರೂ ಒಟ್ಟಿಗೆ ಎತ್ತಿ, ಮಲಗಿದವರ ಎಡಕ್ಕೆ ಹೊರಳಿಸುವುದಾದರೆ ಮೊದಲು ಅವರ ಬಲ ಅಂಚಿನ ಕಡೆ ಸರಿಸಿ, ಇಲ್ಲದಿದ್ದರೆ ಮುಖ ಮಂಚದ ಕಂಬಿಗೆ ಹೋಗಿ ತಾಗುತ್ತದೆ. ಬಲ ಮಂಡಿ ಮಡಿಸಿ, ಭುಜ ಮತ್ತು ಸೊಂಟ ಹಿಡಿದು ನಿಧಾನ ಹೊರಳಿಸಿ. ಪೂರ್ತಿ ಮಗ್ಗುಲಾಗಿಸಬೇಡಿ! ಆಗ ಭಾರವೆಲ್ಲ ಸೊಂಟದ ಮೂಳೆ ಮೇಲೇ ಬೀಳುತ್ತದೆ. ಸುಮಾರು 30 ಡಿಗ್ರಿ ವಾಲಿದರೆ ಸಾಕು, ಬೆನ್ನ ಹಿಂದೆ ದಿಂಬು ಕೊಡಿ. ಈಗ ಬೆನ್ನ ತುದಿ ಮೂಳೆಯ ಕೆಳಗೆ ಅಂಗೈ ತೂರಿಸಿ ನೋಡಿ. ಕೈ ಸಲೀಸಾಗಿ ಹೋದರೆ ಸರಿಯಾಗಿದೆ, ಸಿಕ್ಕಿಕೊಂಡರೆ ದಿಂಬು ಸರಿಪಡಿಸಿ. ಮಂಡಿಗಳ ನಡುವೆ ಇನ್ನೊಂದು ದಿಂಬು. ಅಂಗಾತ ಮಲಗಿಸಿದಾಗ ಮೀನಖಂಡದ ಉದ್ದಕ್ಕೂ ದಿಂಬಿಟ್ಟು ಹಿಮ್ಮಡಿಯನ್ನು ಗಾಳಿಯಲ್ಲಿ ಬಿಡಿ.

ಗಾಳಿ ತುಂಬುವ ರಿಂಗ್ ಕುಶನ್‌ಗೆ ಸುಮ್ನೆ ದುಡ್ಡು ಹಾಕಬೇಡಿ, ಅದರ ಅಂಚೇ ಒತ್ತುತ್ತದೆ. ಹಿಮ್ಮಡಿ ಕೆಳಗೆ ಗ್ಲೌಸಿಗೆ ನೀರು ತುಂಬಿ ಇಡುವುದೂ ಬೇಡ. ಏರ್ ಬೆಡ್ ಒಳ್ಳೆಯದೇ, ಆದರೆ ಅದು ಬಂತು ಅಂತ ಹೊರಳಿಸುವುದನ್ನು ಬಿಡುವ ಹಾಗಿಲ್ಲ, ಅದರ ಮೇಲೆ ಎರಡು ಕಂಬಳಿ ಹಾಸಿದರಂತೂ ಇದ್ದೂ ಇಲ್ಲದ ಹಾಗೆ.

ಪ್ರತಿ ಸಲ ಹೊರಳಿಸುವಾಗಲೂ ಚರ್ಮ ನೋಡಿ. ಕೆಂಪಾದ ಕಡೆ ಬೆರಳಿಂದ ಒತ್ತಿ ಬಿಡಿ, ಬಿಳಿಚಿಕೊಳ್ಳದೆ ಕೆಂಪಾಗೇ ಉಳಿದರೆ ಹುಣ್ಣು ಶುರುವಾಗಿದೆ ಅಂತಲೇ. ನಮ್ಮ ಕಪ್ಪು ಮೈಬಣ್ಣದಲ್ಲಿ ಕೆಂಪು ಕಾಣದೇ ಇರಬಹುದು, ಆಗ ಬಿಸಿ, ಗಟ್ಟಿ, ನೋವು ಇದೆಯಾ ಅಂತ ಮುಟ್ಟಿ ತಿಳಿಯಬೇಕು. ಅಲ್ಲಿ ಎಣ್ಣೆ ಹಚ್ಚಿ ಉಜ್ಜಬೇಡಿ, ಒಳಗೆ ಇನ್ನಷ್ಟು ಹಾಳಾಗುತ್ತದೆ. ಆಕ್ಸಿಜನ್ ಪೈಪ್ ಒತ್ತುವ ಕಿವಿಯ ಹಿಂಭಾಗ ಮರೆಯಬೇಡಿ, ಮೂತ್ರದ ಪೈಪ್ ತೊಡೆಯಡಿ ಸಿಕ್ಕಿರಬಾರದು.

ಮಳೆಗಾಲದಲ್ಲಿ ನಮ್ಮ ಕಡೆ ಬಟ್ಟೆ ಒಣಗುವುದಿಲ್ಲ ಅಲ್ವಾ, ಅರೆ ಒಣಗಿದ ಬೆಡ್‌ಶೀಟ್ ಹಾಸಬೇಡಿ, ಜಾಸ್ತಿ ಜೊತೆ ಇಟ್ಟುಕೊಳ್ಳಿ. ಡೈಪರ್ ಒದ್ದೆಯಾದ ಕೂಡಲೇ ಬದಲಿಸಿ, ಒರೆಸಿ, ಜಿಂಕ್ ಆಕ್ಸೈಡ್ ಕ್ರೀಮ್ ತೆಳ್ಳಗೆ ಹಚ್ಚಿ. ಪೌಡರ್ ಬೇಡ, ಬೆವರಿಗೆ ಗಂಟು ಕಟ್ಟುತ್ತದೆ.

ಊಟಕ್ಕೆ ಬರೀ ಗಂಜಿ ಸಾಲದು. ಮೊಟ್ಟೆ, ಬೇಳೆ, ಮೊಸರು ಬೇಕು, ಕಿಡ್ನಿ ತೊಂದರೆ ಇದ್ದವರಿಗೆ ಮಾತ್ರ ಡಾಕ್ಟರನ್ನು ಕೇಳಿ ಕೊಡಿ.