ಕೋಳಿಗೆ ಹೋಗುತ್ತಿದ್ದ ಕಬ್ಬಿಣದ ಕಾಳು

ಯಾದಗಿರಿ ಹತ್ತಿರದ ಹಳ್ಳಿಯೊಂದರಲ್ಲಿ ನಾನು ಅಂಗನವಾಡಿ ಕಾರ್ಯಕರ್ತೆ. ತರಬೇತಿಗೆ ಹೋದಾಗಲೆಲ್ಲ ನೋಟ್‌ಬುಕ್ ತುಂಬ ಪದ ಬರೆದುಕೊಂಡು ಬರುತ್ತಿದ್ದೆ. ಸೂಕ್ಷ್ಮ ಪೋಷಕಾಂಶ, ಸಾರವರ್ಧಿತ ಅಕ್ಕಿ, ಪ್ರೀಮಿಕ್ಸ್, ಎಫ್‌ಆರ್‌ಕೆ, ಪಿಪಿಎಂ. ಊರಲ್ಲಿ ಅದನ್ನೇ ಹೇಳಿದರೆ ಹೆಂಗಸರು ತಲೆ ಆಡಿಸುತ್ತಿದ್ದರು, ಎದ್ದು ಹೋಗುತ್ತಿದ್ದರು.

ಒಂದು ದಿನ ಗರ್ಭಿಣಿಯೊಬ್ಬಳ ಮನೆಗೆ ಹೋಗಿದ್ದೆ. ಅವಳ ಅತ್ತೆ ಕಟ್ಟೆ ಮೇಲೆ ಕೂತು ರೇಷನ್ ಅಕ್ಕಿ ಹಸನು ಮಾಡುತ್ತಿದ್ದರು. ಮೊರದಲ್ಲಿ ಅಕ್ಕಿ ಹರಡಿ, ಸ್ವಲ್ಪ ಹಳದಿಯಾಗಿ, ನುಣ್ಣಗೆ ಕಾಣುವ ಕಾಳುಗಳನ್ನು ಒಂದೊಂದೇ ಆರಿಸಿ ಬಟ್ಟಲಿಗೆ ಹಾಕುತ್ತಿದ್ದರು. ಯಾಕೆ ಆಯಿ ಅಂದೆ. "ಪ್ಲಾಸ್ಟಿಕ್ ಅಕ್ಕಿ ಬಂದಾವ್ರಿ ಅಕ್ಕೋರೆ, ಆರಿಸಿ ಕೋಳಿಗಿ ಹಾಕ್ತೀನಿ" ಅಂದರು.

ಸೊಸೆಯ ರಕ್ತದಲ್ಲಿ ಹಿಮೋಗ್ಲೋಬಿನ್ 8 ಗ್ರಾಂ ಇತ್ತು. ಗರ್ಭಿಣಿಗೆ ಕನಿಷ್ಠ 11 ಇರಬೇಕು. ಆ ಬಟ್ಟಲಲ್ಲಿದ್ದ, ಕಬ್ಬಿಣ ಸೇರಿಸಿದ ಕಾಳು ಅವಳ ಹೊಟ್ಟೆಗೇ ಹೋಗಬೇಕಾಗಿದ್ದದ್ದು ಅಲ್ವಾ? ನನ್ನ ಕರುಳು ಚುರುಕ್ ಅಂದಿತು. ತಪ್ಪು ಆಯಿಯದಲ್ಲ. ಅವರಿಗೆ ತಿಳಿಯುವ ಹಾಗೆ ಯಾರೂ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ಅವತ್ತು ಪುಸ್ತಕದ ಪದ ಬಿಟ್ಟೆ. "ಆಯಿ, ಬೇಸಿಗೆಯಲ್ಲಿ ಶಾವಿಗೆ ಹೇಗೆ ಒತ್ತುತ್ತೀರಿ?" ಅಂತ ಶುರು ಮಾಡಿದೆ. ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ವಿಟಮಿನ್ ಸೇರಿದ ಪುಡಿ ಕಲಸುತ್ತಾರೆ. ಆ ಪುಡಿಯೇ ಪ್ರೀಮಿಕ್ಸ್. ಆಮೇಲೆ ಮಿಷನ್ನಿನಲ್ಲಿ ಶಾವಿಗೆ ತರ ಒತ್ತಿ, ಅಕ್ಕಿಯಷ್ಟೇ ಉದ್ದಕ್ಕೆ ಕತ್ತರಿಸಿ ಒಣಗಿಸುತ್ತಾರೆ. ಇದೇ ಎಫ್‌ಆರ್‌ಕೆ, ಅಂದರೆ ಸಾರವರ್ಧಿತ ಅಕ್ಕಿ ಕಾಳು. ಇದನ್ನು 100 ಕೆಜಿ ಅಕ್ಕಿಗೆ 1 ಕೆಜಿ ಲೆಕ್ಕದಲ್ಲಿ ಬೆರೆಸಿದರೆ ಅದು ಸಾರವರ್ಧಿತ ಅಕ್ಕಿ. ಅಂದರೆ 5 ಕೆಜಿ ಅಕ್ಕಿಯಲ್ಲಿ ಇಂಥ ಕಾಳು 50 ಗ್ರಾಂ ಮಾತ್ರ, ಅದನ್ನೇ ಆರಿಸಿ ತೆಗೆದರೆ ಉಳಿಯುವುದು ಬರೀ ಅಕ್ಕಿ.

ನಾಲ್ಕು ಕಾಳನ್ನು ನೀರಿನಲ್ಲಿ ನೆನೆಹಾಕಿ ಆಯಿಯ ಕೈಗೇ ಕೊಟ್ಟೆ. ಬೆರಳ ನಡುವೆ ಹಿಸುಕಿದರು, ಹಿಟ್ಟಾಯಿತು. ಇನ್ನೆರಡನ್ನು ಕಾದ ಹಂಚಿನ ಮೇಲೆ ಹಾಕಿದೆವು. ಕರಗಲಿಲ್ಲ, ರೊಟ್ಟಿ ಸೀದ ಹಾಗೆ ಕರ್ರಗಾದವು. ಆಯಿ ಬಟ್ಟಲನ್ನು ಮತ್ತೆ ಮೊರಕ್ಕೆ ಸುರಿದರು.

ಅಂದಿನಿಂದ ಅಂಗನವಾಡಿಯಲ್ಲಿ ಗರ್ಭಿಣಿ, ಬಾಣಂತಿಯರಿಗೆ ಕೊಡುವ ಮಾತೃಪೂರ್ಣ ಊಟಕ್ಕೆ ಬರುವ ಹೆಂಗಸರಿಗೆಲ್ಲ ಹೀಗೇ ತೋರಿಸುತ್ತೇನೆ. ಅನ್ನದ ಗಂಜಿ ಬಸಿದು ಚೆಲ್ಲಬೇಡಿ, ಬೇಕಾದಷ್ಟೇ ನೀರಿಡಿ ಅಂತಲೂ ಹೇಳುತ್ತೇನೆ, ಚೆಲ್ಲಿದ ಗಂಜಿಯ ಜೊತೆ ಸ್ವಲ್ಪ ಸಾರವೂ ಹೋಗುತ್ತದೆ.

ಜನ ಜಾಸ್ತಿ ಗೊಂದಲ ಮಾಡಿಕೊಳ್ಳುವುದು ಇನ್ನೊಂದು ಕಡೆ. ಅಕ್ಕಿಯಲ್ಲೇ ಕಬ್ಬಿಣ ಇದ್ದರೆ ಮಾತ್ರೆ ಯಾಕೆ ಅಂತಾರೆ. ಲೆಕ್ಕ ಹಾಕಿ ತೋರಿಸುತ್ತೇನೆ. ಒಂದು ಕೆಜಿ ಸಾರವರ್ಧಿತ ಅಕ್ಕಿಯಲ್ಲಿ 28ರಿಂದ 42.5 ಮಿಲಿಗ್ರಾಂ ಕಬ್ಬಿಣ. ದಿನಕ್ಕೆ 200 ಗ್ರಾಂ ಅಕ್ಕಿ ಬೇಯಿಸಿ ಉಂಡರೆ ಹೆಚ್ಚೆಂದರೆ ಎಂಟೂವರೆ ಮಿಲಿಗ್ರಾಂ. ಗರ್ಭಿಣಿಯ ಕೆಂಪು ಮಾತ್ರೆ ಒಂದರಲ್ಲೇ 60. ಅಕ್ಕಿ ಮನೆಮಂದಿಗೆಲ್ಲ ದಿನಾ ಸ್ವಲ್ಪ ಸ್ವಲ್ಪ ಕೊಡುವುದು, ಮಾತ್ರೆ ಅವಳೊಬ್ಬಳ ಕೊರತೆ ತುಂಬುವುದು. ಅದನ್ನು 180 ದಿನ ತಪ್ಪದೆ ನುಂಗಬೇಕು. ಮಲ ಕಪ್ಪಾದರೆ ಹೆದರಬೇಡಿ, ಊಟದ ಜೊತೆ ನಿಂಬೆ ಹಿಂಡಿಕೊಳ್ಳಿ, ಉಂಡ ಕೂಡಲೇ ಚಹಾ ಕುಡಿಯಬೇಡಿ, ಚಹಾ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ನಮ್ಮ ಕಡೆ ಈ ಚಹಾದ ಮಾತನ್ನು ಜನ ಕೇಳುವ ಹಾಗೆ ಮಾಡುವುದೇ ಕಷ್ಟ, ನಾನೂ ಬಿಡದೆ ಹೇಳುತ್ತೇನೆ.

ಪಿಪಿಎಂ ಅಂದರೆ ಒಂದು ಕೆಜಿಯಲ್ಲಿ ಎಷ್ಟು ಮಿಲಿಗ್ರಾಂ ಅನ್ನುವ ಲೆಕ್ಕ, ಅಷ್ಟೇ. ಮನೆಗೆ ಬರುವ ಉಪ್ಪಿನಲ್ಲಿ ಅಯೋಡಿನ್ ಕನಿಷ್ಠ 15 ಪಿಪಿಎಂ ಇರಬೇಕು. ಉಪ್ಪು ಪರೀಕ್ಷಿಸುವ ಕಿಟ್‌ನ ಒಂದು ಹನಿ ಹಾಕಿದರೆ, ಅಯೋಡಿನ್ ಇರುವ ಉಪ್ಪು ನೀಲಿ ಬಣ್ಣಕ್ಕೆ ತಿರುಗುತ್ತದೆ. ಅಯೋಡಿನ್ ಉಳಿಯಲು ಉಪ್ಪಿನ ಡಬ್ಬಿಗೆ ಮುಚ್ಚಳ ಹಾಕಿ ಅಂತ ಹತ್ತು ಸಲ ಹೇಳುವ ಬದಲು ಈ ಹನಿ ಹಾಕಿ ತೋರಿಸುವುದು ಒಳ್ಳೆಯದು.

ಮೊನ್ನೆ ಅದೇ ಆಯಿ ಕೇಳಿದರು, "ನಾವು ಉಣ್ಣೋದು ರೊಟ್ಟಿ, ಜೋಳಕ್ಕ ಯಾಕ ಹಾಕಂಗಿಲ್ರಿ?" ಬಹಳ ಸರಿಯಾದ ಪ್ರಶ್ನೆ. ನಮ್ಮ ಜಿಲ್ಲೆಯಲ್ಲಿ ಎಷ್ಟೋ ಮನೆಗಳಲ್ಲಿ ಅನ್ನ ಒಂದು ಹೊತ್ತಿಗಷ್ಟೇ. ಜೋಳಕ್ಕೆ ಬೇರೆ ದಾರಿ ಇದೆ, ತಳಿಯಲ್ಲೇ ಕಬ್ಬಿಣ ಹೆಚ್ಚಿಸುವುದು, ಅದಕ್ಕೆ ಜೈವಿಕ ಸಾರವರ್ಧನೆ ಅಂತಾರೆ. 2018ರಲ್ಲಿ ಮಹಾರಾಷ್ಟ್ರದ ಪರ್ಭಣಿ ಕೃಷಿ ವಿಶ್ವವಿದ್ಯಾಲಯ 'ಪರ್ಭಣಿ ಶಕ್ತಿ' ಅನ್ನುವ ಇಂಥ ಜೋಳದ ತಳಿ ಬಿಡುಗಡೆ ಮಾಡಿದೆ ಅಂದೆ.

"ಬೀಜ ಸಿಕ್ಕರ ತಂದು ಕೊಡ್ರಿ, ಒಂದು ಸಾಲರೆ ಹಾಕೋಣ" ಅಂದರು ಆಯಿ. ಈಗ ಅದನ್ನೇ ವಿಚಾರಿಸುತ್ತಿದ್ದೇನೆ.