ಲಿಸ್ಬನ್ನಿನಲ್ಲಿ ಹತ್ತಲು ಲಿಫ್ಟು, ಇಳಿಯಲು ಕಾಲು

ನಕ್ಷೆಯಲ್ಲಿ ಲಿಸ್ಬನ್ ಚಿಕ್ಕ ಊರು. ರೊಸ್ಸಿಯೊ ಚೌಕದಿಂದ ಸಂತ ಜಾರ್ಜ್ ಕೋಟೆಗೆ ಒಂದು ಕಿಲೋಮೀಟರಿನ ಆಸುಪಾಸು. ಆದರೆ ಆ ಒಂದು ಕಿಲೋಮೀಟರಿನಲ್ಲಿ ಸುಮಾರು ನೂರು ಮೀಟರ್ ಏರಬೇಕು, ಅದೂ ನುಣುಪಾದ ಸುಣ್ಣಕಲ್ಲಿನ ಹಾಸಿನ ಮೇಲೆ. ಎರಡು ದಿನ ಹೀಗೆ ಏರಿಳಿದರೆ ಮೂರನೆಯ ದಿನ ಮಂಡಿ ಮಾತು ಕೇಳುವುದಿಲ್ಲ. ಆದ್ದರಿಂದ ನಾನು ದಿನಚರಿ ಹಾಕಿದ್ದು ದೂರ ನೋಡಿ ಅಲ್ಲ, ಎತ್ತರ ನೋಡಿ. ಏರುವುದೆಲ್ಲ ಯಂತ್ರದ ಮೇಲೆ, ಇಳಿಯುವುದೆಲ್ಲ ನಡೆದು.

ಅದಕ್ಕೂ ಮೊದಲು ವೀಸಾ. ಗೋವಾದ ವಾಸ್ಕೋ, ಮಡಗಾಂವ್, ಮಾಪುಸಾ ಕಡೆ ಇರುವ ಕನ್ನಡಿಗರಿಗೆ ಅಕ್ಕಪಕ್ಕದ ಗೋವನ್ ಮನೆಗಳಿಂದ ಲಿಸ್ಬನ್ ಬಗ್ಗೆ ಸಲಹೆಗಳಿಗೆ ಬರವಿಲ್ಲ. "ಏನೂ ಕಷ್ಟವಿಲ್ಲ, ಸುಮ್ಮನೆ ಹೋಗಿ ಬನ್ನಿ" ಅನ್ನುವವರಲ್ಲಿ ಹಲವರ ಕೈಯಲ್ಲಿರುವುದು ಪೋರ್ಚುಗೀಸ್ ಪಾಸ್‌ಪೋರ್ಟು. ಗೋವಾ ಪೋರ್ಚುಗೀಸರ ಕೈಯಿಂದ ಬಿಡುಗಡೆಯಾದ 1961ರ ಡಿಸೆಂಬರ್ 19ಕ್ಕೆ ಮುಂಚೆ ಅಲ್ಲಿ ಹುಟ್ಟಿದವರಿಗೂ ಅವರ ಸಂತತಿಗೂ ಪೋರ್ಚುಗಲ್ಲಿನ ಪೌರತ್ವ ಕೇಳುವ ದಾರಿ ಇದೆ. ಹುಬ್ಬಳ್ಳಿ, ವಿಜಯಪುರ, ಕಾರವಾರದಿಂದ ಬಂದು ನೆಲೆಸಿದ ನಮಗೆ ಅದಿಲ್ಲ. ಅವರ ಸರದಿಯ ಸಾಲು ಬೇರೆ, ನಮ್ಮದು ಬೇರೆ. ಊಟ ತಿಂಡಿಯ ಬಗ್ಗೆ ಅವರ ಮಾತು ಕೇಳಿ, ವಿಮಾನ ನಿಲ್ದಾಣದ ಬಗ್ಗೆ ಬೇಡ.

ನಮಗೆ ಬೇಕಾದದ್ದು ಷೆಂಗೆನ್ ವೀಸಾ, ಪೋರ್ಚುಗಲ್ ಸೇರಿದಂತೆ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ. ಪಣಜಿಯಲ್ಲೇ ಪೋರ್ಚುಗಲ್ಲಿನ ಕಾನ್ಸುಲೇಟ್ ಇದ್ದರೂ ಪ್ರವಾಸಿ ಅರ್ಜಿ ತೆಗೆದುಕೊಳ್ಳುವುದು ಹೊರಗುತ್ತಿಗೆಯ ವೀಸಾ ಕೇಂದ್ರ. ಪ್ರಯಾಣಕ್ಕೆ ಆರು ತಿಂಗಳಿಗಿಂತ ಮುಂಚೆ ಅರ್ಜಿ ಹಾಕುವಂತಿಲ್ಲ, ಹದಿನೈದು ದಿನಕ್ಕಿಂತ ತಡವೂ ಮಾಡುವಂತಿಲ್ಲ. ಬೇಸಿಗೆ ರಜೆಗಾದರೆ ಎರಡು ಮೂರು ತಿಂಗಳು ಮೊದಲೇ ಅಪಾಯಿಂಟ್‌ಮೆಂಟ್ ಹಿಡಿಯಬೇಕು. ದೊಡ್ಡವರಿಗೆ ಶುಲ್ಕ 90 ಯೂರೋ, ಆರರಿಂದ ಹನ್ನೆರಡರ ಒಳಗಿನ ಮಕ್ಕಳಿಗೆ 45. ಕೇಂದ್ರದ ಸೇವಾಶುಲ್ಕ ಬೇರೆ. ವೀಸಾ ಸಿಗದಿದ್ದರೆ ಯಾವುದೂ ವಾಪಸ್ ಬರುವುದಿಲ್ಲ. ಪ್ರವಾಸ ವಿಮೆ ಕನಿಷ್ಠ 30,000 ಯೂರೋ ಮೊತ್ತದ್ದಾಗಿರಬೇಕು, ಷೆಂಗೆನ್ ದೇಶಗಳೆಲ್ಲ ಅದರೊಳಗೆ ಬರಬೇಕು. ಪಾಸ್‌ಪೋರ್ಟು ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ವಾಪಸಾಗುವ ದಿನದಿಂದ ಇನ್ನೂ ಮೂರು ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಪುಟ ಖಾಲಿ ಇರಬೇಕು. ಫೋಟೋ 35 ಮಿಲಿಮೀಟರ್ ಅಗಲ, 45 ಎತ್ತರ. ಸ್ಟುಡಿಯೋದಲ್ಲಿ "ಪಾಸ್‌ಪೋರ್ಟ್ ಸೈಜ್" ಎಂದಷ್ಟೇ ಹೇಳಿದರೆ ಬೇರೆ ಅಳತೆಯದು ಕೊಟ್ಟುಬಿಡುತ್ತಾರೆ, ಅಳತೆ ಬರೆದುಕೊಂಡೇ ಹೋಗಿ.

ನಮ್ಮವರ ಅರ್ಜಿ ಸಿಕ್ಕಿಕೊಳ್ಳುವ ಜಾಗಗಳು ಸಾಮಾನ್ಯವಾಗಿ ಮೂರು. ಮೊದಲನೆಯದು ವಿಳಾಸ. ಪಾಸ್‌ಪೋರ್ಟಿನಲ್ಲಿ ಗದಗದ ವಿಳಾಸ, ವಾಸ ವಾಸ್ಕೋದಲ್ಲಿ. ನೋಂದಾಯಿಸಿದ ಬಾಡಿಗೆ ಕರಾರು, ವಿದ್ಯುತ್ ಬಿಲ್ಲು, ಬ್ಯಾಂಕ್ ಪಾಸ್‌ಬುಕ್, ಇವುಗಳಲ್ಲಿ ಎರಡಾದರೂ ಗೋವಾದ ವಿಳಾಸ ತೋರಿಸುವಂತಿರಲಿ. ಎರಡನೆಯದು ಹೆಸರು. ಇನಿಷಿಯಲ್ ಬಿಡಿಸಿ ಬರೆಸಿದವರ, ಸರ್‌ನೇಮ್ ಕಾಲಂ ಖಾಲಿ ಬಿಟ್ಟವರ ಪಾಸ್‌ಪೋರ್ಟು ನಮ್ಮಲ್ಲಿ ಬಹಳ. ಟಿಕೆಟ್, ವಿಮೆ, ಹೋಟೆಲ್, ಅರ್ಜಿ ನಾಲ್ಕರಲ್ಲೂ ಪಾಸ್‌ಪೋರ್ಟಿನಲ್ಲಿ ಇರುವ ಹಾಗೆಯೇ ಹೆಸರು ಇರಬೇಕು. ಖಾಲಿ ಸರ್‌ನೇಮನ್ನು ಹೇಗೆ ತುಂಬಬೇಕೆಂದು ಟಿಕೆಟ್ ತೆಗೆಸುವ ಮುಂಚೆಯೇ ವಿಮಾನ ಕಂಪನಿಯನ್ನು ಕೇಳಿಕೊಳ್ಳಿ. ಮೂರನೆಯದು ಬ್ಯಾಂಕ್ ಖಾತೆ. ಅರ್ಜಿಯ ಹಿಂದಿನ ವಾರ ಅಣ್ಣನಿಂದಲೋ ಮಾವನಿಂದಲೋ ತರಿಸಿ ತುಂಬಿದ ಎರಡು ಲಕ್ಷ ಸ್ಟೇಟ್‌ಮೆಂಟಿನಲ್ಲಿ ಎದ್ದು ಕಾಣುತ್ತದೆ. ತಿಂಗಳು ತಿಂಗಳು ಬರುವ ಸಂಬಳ, ಆದಾಯ ತೆರಿಗೆ ರಿಟರ್ನ್, ರಜೆ ಮಂಜೂರಾತಿ ಪತ್ರ ಇದ್ದರೆ ಅಷ್ಟು ದೊಡ್ಡ ಮೊತ್ತ ಬೇಕಾಗುವುದಿಲ್ಲ.

ಇದರ ಜೊತೆ ಪ್ಯಾರಿಸ್ಸನ್ನೋ ಮ್ಯಾಡ್ರಿಡ್ಡನ್ನೋ ಸೇರಿಸುವವರು ರಾತ್ರಿಗಳನ್ನು ಎಣಿಸಬೇಕು. ಹೆಚ್ಚು ದಿನ ಇರುವ ದೇಶಕ್ಕೆ ಅರ್ಜಿ; ಸಮ ಇದ್ದರೆ ಮೊದಲು ಕಾಲಿಡುವ ದೇಶಕ್ಕೆ.

ಗೋವಾದಿಂದಾಗಲೀ ಮುಂಬೈಯಿಂದಾಗಲೀ ಲಿಸ್ಬನ್‌ಗೆ ನೇರ ವಿಮಾನವಿಲ್ಲ. ಕೊಲ್ಲಿಯ ಊರುಗಳ ಮೂಲಕ ಹೋದರೆ ಇಮಿಗ್ರೇಷನ್ ಆಗುವುದು ಲಿಸ್ಬನ್ನಿನಲ್ಲಿ, ಫ್ರಾಂಕ್‌ಫರ್ಟಿನಂಥ ಯುರೋಪಿನ ನಿಲ್ದಾಣದ ಮೂಲಕ ಹೋದರೆ ಅಲ್ಲೇ. 2025ರ ಅಕ್ಟೋಬರಿನಿಂದ ಬೆರಳಚ್ಚು, ಮುಖದ ಚಿತ್ರ ತೆಗೆಯುವ ಹೊಸ ವ್ಯವಸ್ಥೆ ಬಂದ ಮೇಲೆ ಸಾಲು ಇನ್ನೂ ನಿಧಾನ. ಯುರೋಪಿನಲ್ಲಿ ವಿಮಾನ ಬದಲಿಸುವುದಾದರೆ ಒಂದೂವರೆ ಗಂಟೆಯ ಅಂತರದ ಟಿಕೆಟ್ ಬೇಡ, ಮೂರು ಗಂಟೆ ಇರಲಿ. ಗೋವಾ-ಮುಂಬೈ ಟಿಕೆಟ್ಟನ್ನು ಬೇರೆಯಾಗಿ ತೆಗೆಸಿದರೆ ಮುಂಬೈಯಲ್ಲಿ ಪೆಟ್ಟಿಗೆ ಬಿಡಿಸಿಕೊಂಡು ಮತ್ತೆ ಕೊಡಬೇಕು. ಮಳೆಗಾಲದಲ್ಲಿ ಆ ಜೂಜು ಆಡಬೇಡಿ, ಒಂದೇ ಬುಕಿಂಗಿನಲ್ಲಿ ತೆಗೆಸಿ.

ಉಳಿಯುವ ಜಾಗ ಹುಡುಕುವಾಗ ಫೋಟೋ ನೋಡಿ ಮರುಳಾಗುವುದು ಕೋಟೆಯ ಕೆಳಗಿನ ಅಲ್ಫಾಮಾ ಬಡಾವಣೆಗೆ. ಹಳೆಯ ಬೀದಿ, ಬಾಲ್ಕನಿಯಲ್ಲಿ ಹೂಕುಂಡ, ಥೇಟ್ ಪಣಜಿಯ ಫೊಂಟೈನ್ಹಾಸ್. ಆದರೆ ಅಲ್ಲಿನ ಅರ್ಧ ಬೀದಿಗಳು ಮೆಟ್ಟಿಲು, ಟ್ಯಾಕ್ಸಿ ಬಾಗಿಲ ತನಕ ಬರುವುದಿಲ್ಲ. ದೊಡ್ಡ ಪೆಟ್ಟಿಗೆ ಇದ್ದವರಿಗೆ ನದಿ ಪಕ್ಕದ ಸಮತಟ್ಟಾದ ಬೈಶಾ, ರೊಸ್ಸಿಯೊ ವಾಸಿ. ವಿಳಾಸದಲ್ಲಿ ಆರ್/ಸಿ ಎಂದಿದ್ದರೆ ನೆಲಮಹಡಿ. ಅಂಕಿಯ ಪಕ್ಕದ "ಎಸ್ಕ್" ಎಡಗಡೆ ಮನೆ, "ಡಿಟಿಒ" ಬಲಗಡೆಯದು. 1755ರ ನವೆಂಬರ್ 1ರ ಭೂಕಂಪ, ಸುನಾಮಿ, ಬೆಂಕಿ ಮೂರೂ ಸೇರಿ ಊರು ನಾಶವಾದ ಮೇಲೆ ಆಗಿನ ಮಂತ್ರಿ ಪೊಂಬಾಲ್ ಈ ಬೈಶಾವನ್ನು ಚೌಕುಳಿಯಾಗಿ ಕಟ್ಟಿಸಿದ. ಗೋಡೆಯೊಳಗೆ ಕಂಪನ ತಡೆಯಲು ಮರದ ಚೌಕಟ್ಟಿನ ಪಂಜರ ಇಟ್ಟ ಕಟ್ಟಡಗಳು ಅವು. ಹೀಗಾಗಿ ಎಷ್ಟೋ ಕಡೆ ಲಿಫ್ಟ್ ಇಲ್ಲ, ಇದ್ದರೂ ಇಬ್ಬರಿಗೆ ಸಾಕಾಗುವಷ್ಟು. ಬುಕ್ ಮಾಡುವಾಗ ಲಿಫ್ಟ್ ಇದೆಯೇ ಎಂದು ಬರೆದು ಕೇಳಿ. ಊರಿನ ಪ್ರವಾಸಿ ತೆರಿಗೆ ತಲೆಗೆ ರಾತ್ರಿಗೆ 4 ಯೂರೋ, ಏಳು ರಾತ್ರಿಯವರೆಗೆ. ಕೋಣೆಯ ಬೆಲೆಯಲ್ಲಿ ಅದು ಸೇರಿರದಿದ್ದರೆ ಅಲ್ಲೇ ಕೇಳುತ್ತಾರೆ.

ವಿಮಾನ ನಿಲ್ದಾಣದೊಳಗೇ ಮೆಟ್ರೋ ಇದೆ. ಕೆಂಪು ಮಾರ್ಗದಲ್ಲಿ ಅಲಾಮೆಡಾ ತನಕ ಹೋಗಿ ಹಸಿರಿಗೆ ಬದಲಿಸಿದರೆ ರೊಸ್ಸಿಯೊ. ಯಂತ್ರದಲ್ಲಿ ಅರ್ಧ ಯೂರೋಗೆ ನವೆಗಾಂತೆ ಕಾರ್ಡು ಸಿಗುತ್ತದೆ, ತಲೆಗೊಂದು ಬೇಕು. ಅದಕ್ಕೆ "ಜ್ಯಾಪಿಂಗ್" ಎಂಬ ಆಯ್ಕೆಯಲ್ಲಿ ಹಣ ತುಂಬಿ. ಮೆಟ್ರೋ, ಬಸ್ಸು, ಟ್ರಾಮು, ಪಕ್ಕದ ಊರು ಸಿಂತ್ರಾದ ರೈಲು, ನದಿ ದಾಟುವ ದೋಣಿ ಎಲ್ಲದಕ್ಕೂ ನಡೆಯುತ್ತದೆ. ಮೆಟ್ರೋ, ಟ್ರಾಮಿನ ಒಂದು ಸವಾರಿಗೆ ಎರಡು ಯೂರೋ ಒಳಗೇ ಆಗುತ್ತದೆ, ಟ್ರಾಮಿನಲ್ಲಿ ಚಾಲಕನಿಗೆ ನಗದು ಕೊಟ್ಟರೆ ಮೂರು ದಾಟುತ್ತದೆ. ಎಡವಟ್ಟಾಗುವುದು ಇಲ್ಲಿ: ಕಾರ್ಡಿನಲ್ಲಿ ಜ್ಯಾಪಿಂಗ್ ಹಣ ಉಳಿದಿರುವಾಗ ದಿನದ ಪಾಸ್ ಹಾಕಲು ಬರುವುದಿಲ್ಲ. ಒಂದು ಮುಗಿಯಬೇಕು, ಇಲ್ಲವೇ ಇನ್ನೊಂದು ಕಾರ್ಡು ತೆಗೆಯಬೇಕು.

ಈಗ ಏರುವ ವಿಷಯ. ಕೋಟೆಗೆ ಹೋಗಲು ಎಲ್ಲರೂ ನಿಲ್ಲುವುದು 28ನೇ ಟ್ರಾಮು ಹೊರಡುವ ಮಾರ್ತಿಮ್ ಮೊನಿಜ್ ಚೌಕದ ಸಾಲಿನಲ್ಲಿ. ಅದರಲ್ಲಿ ನಿಲ್ಲಬೇಕಾಗಿಲ್ಲ. ಬೈಶಾದ ಫಂಕೈರುಸ್ ಬೀದಿಯಲ್ಲಿ 170ರ ಆಸುಪಾಸಿನ ಕಟ್ಟಡದೊಳಗೆ ಸಾರ್ವಜನಿಕ ಲಿಫ್ಟ್ ಇದೆ, ಪುಕ್ಕಟೆ. ಮದಲೇನಾ ಬೀದಿಗೆ ತಲುಪಿಸುತ್ತದೆ. ಅಲ್ಲಿಂದ ಕೆಲವೇ ಹೆಜ್ಜೆಯಲ್ಲಿ ಸೂಪರ್‌ಮಾರ್ಕೆಟ್ ಇರುವ ಕಟ್ಟಡದಲ್ಲಿ ಎರಡನೆಯ ಲಿಫ್ಟ್, ಅದೂ ಪುಕ್ಕಟೆ, ಕೋಟೆಯ ಕೆಳಗಿನ ಬೀದಿಗೆ ಬಿಡುತ್ತದೆ. ಉಳಿಯುವುದು ಸ್ವಲ್ಪವೇ ಏರು. ಅದೂ ಬೇಡವಾದರೆ ಫಿಗೈರಾ ಚೌಕದಿಂದ 737ನೇ ಬಸ್ಸು ಕೋಟೆಯ ಬಾಗಿಲಿಗೇ ಹೋಗುತ್ತದೆ.

ಇನ್ನೊಂದು ಗುಡ್ಡ ಶಿಯಾದು. ಬೈಶಾ-ಶಿಯಾದು ಮೆಟ್ರೋ ನಿಲ್ದಾಣಕ್ಕೆ ಕೆಳಗೊಂದು ಬಾಗಿಲು, ಮೇಲೊಂದು ಬಾಗಿಲು. ನಡುವೆ ಉದ್ದನೆಯ ಎಸ್ಕಲೇಟರುಗಳು ಟಿಕೆಟ್ ಗೇಟಿನ ಹೊರಗೇ ಇವೆ. ಕೆಳಗಿನ ಬಾಗಿಲಲ್ಲಿ ಹೊಕ್ಕು ಮೇಲಿನದರಲ್ಲಿ ಹೊರಬಿದ್ದರೆ ಗುಡ್ಡ ಹತ್ತಿದ ಹಾಗೆಯೇ. ಪಕ್ಕದ ಸಾಂತಾ ಜುಸ್ತಾ ಲಿಫ್ಟು 1902ರದು, 45 ಮೀಟರ್ ಎತ್ತರದ ಕಬ್ಬಿಣದ ಗೋಪುರ, ನೋಡಲು ಚೆಂದ. ಅದಕ್ಕೆ ದುಡ್ಡು ಕೊಟ್ಟು ಗಂಟೆಗಟ್ಟಲೆ ಕಾಯುವುದು ಮಾತ್ರ ನನ್ನ ಲೆಕ್ಕದಲ್ಲಿ ದಂಡ. ಕಾರ್ಮು ಚೌಕದ ಕಡೆಯಿಂದ ಅದರ ಮೇಲ್ಸೇತುವೆಗೆ ನಡೆದೇ ಹೋಗಬಹುದು. ಇಳಿಜಾರಿನ ಹಳಿಬಂಡಿಗಳನ್ನು ನೆಚ್ಚಿ ಯೋಜನೆ ಹಾಕಬೇಡಿ: 2025ರ ಸೆಪ್ಟೆಂಬರ್ 3ರಂದು ಗ್ಲೋರಿಯಾ ಬಂಡಿ ಉರುಳಿ 16 ಜನ ಸತ್ತ ಮೇಲೆ ಉಳಿದವುಗಳನ್ನೂ ತಪಾಸಣೆಗೆಂದು ನಿಲ್ಲಿಸಿದ್ದರು. ಹೊರಡುವ ವಾರ ವಿಚಾರಿಸಿ.

28ರಲ್ಲಿ ಕೂತು ನೋಡಲೇಬೇಕು ಎಂದಿದ್ದರೆ ಇನ್ನೊಂದು ತುದಿಯಾದ ಕಾಂಪು ದಿ ಒರೀಕ್‌ನಲ್ಲಿ ಬೆಳಗ್ಗೆ ಎಂಟರೊಳಗೆ ಹತ್ತಿ, ಸೀಟು ಸಿಗುತ್ತದೆ. ಜೇಬುಗಳ್ಳರಿಗೆ ಈ ಟ್ರಾಮು ಅಚ್ಚುಮೆಚ್ಚು. ಪಾಸ್‌ಪೋರ್ಟು ಕೋಣೆಯಲ್ಲಿರಲಿ, ಚೀಲ ಎದೆಯ ಮೇಲಿರಲಿ.

ಕೋಟೆಯ ಟಿಕೆಟ್ ಅಗ್ಗವಲ್ಲ. 1147ರಲ್ಲಿ ಪೋರ್ಚುಗಲ್ಲಿನ ಮೊದಲ ದೊರೆ ಅಫೋನ್ಸು ಎನ್ರಿಕೆಸ್ ಮೂರ್ ಮುಸ್ಲಿಮರಿಂದ ಗೆದ್ದ ಕೋಟೆ ಇದು ನಿಜ, ಆದರೆ ಇವತ್ತು ಕಾಣುವ ಗೋಡೆಗಳಲ್ಲಿ ಬಹುಪಾಲು 1940ರ ಸುಮಾರಿನ ಪುನರ್‌ನಿರ್ಮಾಣ. ಊರಿನ ನೋಟವಷ್ಟೇ ಬೇಕಾದರೆ ಗ್ರಾಸಾ ಅಥವಾ ಸೆನ್ಯೋರಾ ದು ಮೊಂಟಿಯ ಕಟ್ಟೆ ಸಾಕು, ಖರ್ಚಿಲ್ಲ. ಅಲ್ಲಿಂದ ಅಲ್ಫಾಮಾದೊಳಗೆ ಇಳಿಯುತ್ತ ಬಂದರೆ ನದಿಯ ಬಳಿ ಚೂಪು ಚೂಪು ಕಲ್ಲುಗಳ ಮುಖದ ಒಂದು ಮನೆ ಸಿಗುತ್ತದೆ, ಕಾಸಾ ದುಸ್ ಬಿಕುಸ್. ಕಟ್ಟಿಸಿದವನು ಗೋವಾ ಗೆದ್ದ ಅಫೋನ್ಸೊ ದ ಅಲ್ಬುಕರ್ಕ್‌ನ ಮಗ ಬ್ರಾಸ್, 1523ರಲ್ಲಿ. 1510ರಲ್ಲಿ ಬಿಜಾಪುರದ ಆದಿಲ್‌ಶಾಹಿಗಳಿಂದ ಗೋವಾ ಕಸಿಯಲು ಅಪ್ಪನಿಗೆ ನೆರವಾದದ್ದು ಹೊನ್ನಾವರದ ತಿಮ್ಮಯ್ಯ, ಪೋರ್ಚುಗೀಸರ ಬಾಯಲ್ಲಿ ತಿಮೋಜ. ಅಲ್ಬುಕರ್ಕ್‌ಗೆ ಊರಿನ ಪಶ್ಚಿಮದ ಬೆಲೆಂ ಬಡಾವಣೆಯಲ್ಲಿ ಕಂಬದ ಮೇಲೆ ದೊಡ್ಡ ಪ್ರತಿಮೆಯಿದೆ.

ಬೆಲೆಂ ಸಮತಟ್ಟು, ಅಲ್ಲಿನ ಶತ್ರು ಗುಡ್ಡವಲ್ಲ, ಸೋಮವಾರ. ಜೆರೋನಿಮೋಸ್ ಮಠ ಸೋಮವಾರ ಮುಚ್ಚಿರುತ್ತದೆ. ಆದ್ದರಿಂದ ಸೋಮವಾರಕ್ಕೆ ಕೋಟೆಯನ್ನೂ, ಭೂಕಂಪದಲ್ಲಿ ಸೂರು ಕಳೆದುಕೊಂಡು ಹಾಗೆಯೇ ಉಳಿದಿರುವ ಕಾರ್ಮು ಮಠವನ್ನೂ ಇಟ್ಟುಕೊಂಡೆ. ಕಾರ್ಮುವಿಗೆ ರಜೆ ಭಾನುವಾರ. ಬೆಲೆಂಗೆ ವಾರದ ನಡುವಿನ ದಿನ, ಫಿಗೈರಾ ಚೌಕದಿಂದ 15ನೇ ಟ್ರಾಮು, ಇಲ್ಲವೇ ಕಾಯಿಸ್ ದು ಸೊದ್ರೆಯಿಂದ ಕಶ್ಕಾಯಿಸ್ ಕಡೆಯ ರೈಲು. ವೇಗದ ರೈಲುಗಳು ಬೆಲೆಂನಲ್ಲಿ ನಿಲ್ಲುವುದಿಲ್ಲ, ಬೋರ್ಡು ಓದಿ ಹತ್ತಿ.

ಜೆರೋನಿಮೋಸ್‌ನಲ್ಲಿ ಎರಡು ಸಾಲು. ಚರ್ಚಿಗೆ ಟಿಕೆಟ್ ಇಲ್ಲ, ಒಳಾಂಗಣದ ಕಂಬಸಾಲಿಗೆ ಮಾತ್ರ ಟಿಕೆಟ್, ಸಮಯ ಸೂಚಿಸಿ ಆನ್‌ಲೈನಿನಲ್ಲಿ ಮೊದಲೇ ತೆಗೆಸಬೇಕು. ತೆಗೆಸದವರು ಬಿಸಿಲಲ್ಲಿ ಒಂದು ಗಂಟೆ ನಿಂತು, ಕೊನೆಗೆ ತಾವು ನಿಂತದ್ದು ಚರ್ಚಿನ ಸಾಲಿನಲ್ಲಿ ಎಂದು ತಿಳಿಯುವುದುಂಟು. ಚರ್ಚಿನ ಒಳಗೆ ಕಾಲಿಡುತ್ತಲೇ ಎಡಕ್ಕೆ ವಾಸ್ಕೋ ಡ ಗಾಮನ ಸಮಾಧಿ, ಬಲಕ್ಕೆ ಕವಿ ಕಾಮೋಯಿಂಶ್‌ನದು. ಗಾಮ ಸತ್ತದ್ದು ಕೊಚ್ಚಿಯಲ್ಲಿ, 1524ರ ಡಿಸೆಂಬರಿನಲ್ಲಿ. ಅವಶೇಷ ಪೋರ್ಚುಗಲ್ಲಿಗೆ ಬಂದದ್ದು 1539ರಲ್ಲಿ, ಈ ಮಠಕ್ಕೆ ಸೇರಿದ್ದು 1880ರಲ್ಲಿ.

ಬೆಲೆಂ ಗೋಪುರವನ್ನು 2025ರಲ್ಲಿ ದುರಸ್ತಿಗೆ ಮುಚ್ಚಿದರು. ತೆರೆದಿದೆಯೇ ಎಂದು ನೋಡದೆ ಅದನ್ನು ನಂಬಿ ಲಿಸ್ಬೋವಾ ಕಾರ್ಡ್ (ಸವಾರಿಯೂ ಹಲವು ಜಾಗಗಳ ಪ್ರವೇಶವೂ ಸೇರಿದ ಪ್ರವಾಸಿ ಪಾಸು) ಕೊಳ್ಳಬೇಡಿ. ಟಿಕೆಟ್ ಇರುವ ಮೂರು ಜಾಗಗಳನ್ನಾದರೂ ಅವಧಿಯೊಳಗೆ ನೋಡುವವರಿಗಷ್ಟೇ ಅದು ಗಿಟ್ಟುತ್ತದೆ. ಗೋಪುರದಲ್ಲಿ ನಾವು ನೋಡಬೇಕಾದದ್ದು ಹೇಗೂ ಹೊರಗಿದೆ. ಮೂಲೆಯ ಕಾವಲುಗೂಡಿನ ಬುಡದಲ್ಲಿ ಸವೆದ ಖಡ್ಗಮೃಗದ ತಲೆ. ಗುಜರಾತಿನ ಸುಲ್ತಾನ ಕೊಟ್ಟ ಪ್ರಾಣಿಯನ್ನು ಅಲ್ಬುಕರ್ಕ್ ಗೋವಾದಿಂದ ಹಡಗು ಹತ್ತಿಸಿದ್ದ, 1515ರ ಮೇನಲ್ಲಿ ಅದು ಇದೇ ದಡದಲ್ಲಿ ಇಳಿಯಿತು.

ಬೆಲೆಂನಲ್ಲಿ 1837ರಿಂದ ಮಾರುತ್ತಿರುವ ಕಸ್ಟರ್ಡ್ ತಿನಿಸಿನ ಅಂಗಡಿಯ ಹೊರಗೆ ಕಾಣುವ ಸಾಲು ಪಾರ್ಸಲ್ಲಿನದು. ಒಳಗೆ ದೊಡ್ಡ ಕೋಣೆಗಳಿವೆ, ಕೂತು ತಿನ್ನುವವರಿಗೆ ಬೇಗ ಜಾಗ ಸಿಗುತ್ತದೆ. ಮೊಟ್ಟೆ ತಿನ್ನದವರಿಗೆ ಇದು ಆಗುವುದಿಲ್ಲ, ಪೂರಣವೆಲ್ಲ ಹಳದಿ ಲೋಳೆ. ಸಸ್ಯಾಹಾರಿಗಳು "ಸೆಂ ಕಾರ್ನಿ, ಸೆಂ ಪೈಶಿ" (ಮಾಂಸವಿಲ್ಲದೆ, ಮೀನಿಲ್ಲದೆ) ಎಂದು ಎರಡನ್ನೂ ಹೇಳಬೇಕು. ಮಾಂಸ ಬೇಡವೆಂದಷ್ಟೇ ಅಂದರೆ ಮೀನು ಬರುತ್ತದೆ. ಸೊಪ್ಪಿನ ಸೂಪ್ ಎಂದು ನೆಚ್ಚುವ ಕಾಲ್ದು ವೆರ್ದಿಯಲ್ಲಿ ಹಂದಿಯ ಶೋರಿಸು ಹೋಳು ಇರುತ್ತದೆ. ಕೂತ ಕೂಡಲೇ ಮೇಜಿಗೆ ಬರುವ ಬ್ರೆಡ್ಡು, ಆಲಿವ್, ಚೀಸ್ ಪುಕ್ಕಟೆಯಲ್ಲ, ಬೇಡದಿದ್ದರೆ ಮುಟ್ಟದೆ ವಾಪಸ್ ಕಳಿಸಿ. ಮಾರ್ತಿಮ್ ಮೊನಿಜ್ ಸುತ್ತ ಬೇಳೆ, ಅಕ್ಕಿ, ಮಸಾಲೆ ಎಲ್ಲ ಸಿಗುವ ನಮ್ಮ ಕಡೆಯ ಅಂಗಡಿಗಳಿವೆ. ಲುಮಿಯಾರ್‌ನ ರಾಧಾಕೃಷ್ಣ ದೇವಸ್ಥಾನದ ಕ್ಯಾಂಟೀನಿನಲ್ಲಿ ಸಸ್ಯಾಹಾರದ ಊಟ ಸಿಗುತ್ತದೆ. ನಲ್ಲಿ ನೀರು ಕುಡಿಯಬಹುದು.

ಎಟಿಎಂ ಬಳಸುವಾಗ ಬ್ಯಾಂಕುಗಳ ಮುಲ್ತಿಬಾಂಕು ಯಂತ್ರ ಹುಡುಕಿ, "ರೂಪಾಯಿಗೆ ಬದಲಿಸಲೇ" ಎಂದು ಕೇಳಿದರೆ ಬೇಡವೆಂದು ಒತ್ತಿ, ಯೂರೋದಲ್ಲೇ ಕಡಿತವಾಗಲಿ. ನಮ್ಮ ಸಣ್ಣ ಎರಡು ಪಿನ್ನಿನ ಚಾರ್ಜರ್ ಅಲ್ಲಿ ಹೊಂದುತ್ತದೆ, ಮೂರು ಪಿನ್ನಿನದಕ್ಕೆ ಅಡಾಪ್ಟರ್ ಬೇಕು. ಬೂಟಿನ ಅಡಿ ರಬ್ಬರಿನದಾಗಿರಲಿ; ಮಳೆ ಬಿದ್ದ ಸುಣ್ಣಕಲ್ಲಿನ ಮೇಲೆ ಇಳಿಜಾರಿನಲ್ಲಿ ಚರ್ಮದ ಅಟ್ಟೆ ನಿಲ್ಲುವುದಿಲ್ಲ. ಮಾರ್ಚಿನಿಂದ ಮೇ, ಸೆಪ್ಟೆಂಬರ್, ಅಕ್ಟೋಬರ್ ಒಳ್ಳೆಯ ಕಾಲ. ಜೂನ್ 12ರ ರಾತ್ರಿ ಸಂತ ಅಂತೋನಿಯ ಹಬ್ಬ, ಅಲ್ಫಾಮಾ ತುಂಬ ಮೀನು ಸುಡುವ ಹೊಗೆ. ಗದ್ದಲ ಇಷ್ಟವಿದ್ದವರು ಕೋಣೆಯನ್ನು ಬಹಳ ಮುಂಚೆ ಹಿಡಿಯಲಿ.

ಬಂದ ಮೇಲೆ ಬೋರ್ಡಿಂಗ್ ಪಾಸ್, ಹೋಟೆಲ್ ರಸೀತಿ ಬಿಸಾಡಬೇಡಿ. 2024ರ ಏಪ್ರಿಲಿನಲ್ಲಿ ಬಂದ ನಿಯಮದಂತೆ, ಮೂರು ವರ್ಷದೊಳಗೆ ಎರಡು ಷೆಂಗೆನ್ ವೀಸಾ ಪಡೆದು ಸರಿಯಾಗಿ ಬಳಸಿದ ಭಾರತೀಯರು ಎರಡು ವರ್ಷದ, ಹಲವು ಬಾರಿ ಹೋಗಿಬರುವ ವೀಸಾಕ್ಕೆ ಅರ್ಹರು. ಮುಂದಿನ ಅರ್ಜಿಯ ಜೊತೆ ಹಳೆಯ ವೀಸಾ ಪುಟದ ಪ್ರತಿಯನ್ನೂ ಈ ಚೀಟಿಗಳನ್ನೂ ಲಗತ್ತಿಸಿ.